ದೇವರ ಮೀನಿಗೆ ಮಂಡಕ್ಕಿ, ಊರ ಮೀನಿಗೆ ಬ್ಲೀಚಿಂಗ್ ಪೌಡರ್

ಮುಂದಿನ ವಾರ ನಾವು ಮೂವರು ಗೆಳೆಯರು ಹೇಮಾವತಿ ಹಿನ್ನೀರಿನ ಕಡೆ ಮೂರು ದಿನ ಮೀನು ಹಿಡಿಯಲು ಹೋಗುತ್ತಿದ್ದೇವೆ. ಲೈಸೆನ್ಸ್ ವಿಚಾರಿಸಿ ಆಗಿದೆ, ಅಕ್ಕಿ, ಖಾರದಪುಡಿ ಕಟ್ಟಿಟ್ಟಾಗಿದೆ. ಉಳಿದದ್ದು ಗಾಳ. ಹದಿನೈದು ದಿನದಿಂದ ರಾತ್ರಿ ಊಟ ಆದಮೇಲೆ ಜಗಲಿಯಲ್ಲಿ ಕೂತು ಗಾಳಕ್ಕೆ ಗರಿ ಕಟ್ಟುತ್ತಿದ್ದೇನೆ.

ಮೊನ್ನೆ ಪಕ್ಕದ ಮನೆ ಹುಡುಗ ಬಂದು ನೋಡಿ ನಕ್ಕ. "ಅಣ್ಣಾ, ಹದಿನೈದು ದಿನ ಇದನ್ನ ಕಟ್ತಾ ಕೂರೋ ಬದ್ಲು ಒಂದು ಪ್ಯಾಕೆಟ್ ಬ್ಲೀಚಿಂಗ್ ಪೌಡರ್ ತಂದ್ರೆ ಅರ್ಧ ಗಂಟೇಲಿ ಚೀಲ ತುಂಬುತ್ತಲ್ಲ" ಅಂದ.

ಅವನು ತಮಾಷೆ ಮಾಡುತ್ತಿರಲಿಲ್ಲ. ಹೋದ ಬೇಸಗೆಯಲ್ಲಿ ಅದನ್ನೇ ಮಾಡಿದ್ದ. ಅವತ್ತು ನಾನು ಸುಮ್ಮನೆ ನಕ್ಕು ಕಳಿಸಿದೆ. ಸುಮ್ಮನಿದ್ದದ್ದು ತಪ್ಪು ಅನ್ನಿಸಿ ಇಲ್ಲಿ ಉತ್ತರ ಬರೆಯುತ್ತಿದ್ದೇನೆ. ಇದು ಅವನೊಬ್ಬನಿಗೆ ಕೊಡುವ ಉತ್ತರ ಅಲ್ಲ. ಸಕಲೇಶಪುರ, ಆಲೂರು ಕಡೆಯ ಪ್ರತಿ ಊರಲ್ಲೂ ಅವನಂಥವರು ಇದ್ದಾರೆ, ಅವರನ್ನು ನೋಡಿ ನಕ್ಕು ಸುಮ್ಮನಾಗುವ ನನ್ನಂಥವರೂ ಇದ್ದಾರೆ.

ಮೊದಲು ಈ ಗರಿ ಕಟ್ಟುವ ಕೆಲಸ ಏನು ಅಂತ ಹೇಳುತ್ತೇನೆ. ನಮ್ಮಜ್ಜ ಗಾಳಕ್ಕೆ ಎರೆಹುಳ ಬಿಟ್ಟರೆ ಬೇರೇನೂ ಸಿಕ್ಕಿಸಿದವರಲ್ಲ. ನಾನು ಇದನ್ನು ಯೂಟ್ಯೂಬ್ ನೋಡಿ ಕಲಿತೆ. 10 ಅಥವಾ 12ನೇ ನಂಬರಿನ ಸಣ್ಣ ಗಾಳ ಬೇಕು. ನಂಬರು ಹೆಚ್ಚಾದಷ್ಟೂ ಗಾಳ ಸಣ್ಣದು. ಟೈಲರ್ ಅಂಗಡಿಯ ನೂಲನ್ನು ಗಾಳದ ಕಣ್ಣಿನಿಂದ ಬಾಗಿದ ಜಾಗದವರೆಗೂ ಒತ್ತೊತ್ತಾಗಿ ಸುತ್ತಬೇಕು. ಬಾಲಕ್ಕೆ ನಾಲ್ಕು ಎಳೆ ಗರಿ, ಹೊಟ್ಟೆಗೆ ಒಂದಿಷ್ಟು ಉಲ್ಲನ್. ಆಮೇಲೆ ಹುಂಜದ ಕತ್ತಿನ ಗರಿಯೊಂದನ್ನು ಮೂರು ಸುತ್ತು ಸುತ್ತಿ ಗಂಟು ಹಾಕಬೇಕು. ಗಂಟು ಬಿಚ್ಚದ ಹಾಗೆ ಒಂದು ಹನಿ ನೇಲ್ ಪಾಲಿಶ್. ಸರಿಯಾಗಿ ಕಟ್ಟಿದರೆ ನೀರಿಗೆ ಬಿದ್ದ ಹುಳದ ಹಾಗೇ ಕಾಣುತ್ತದೆ. ಕೊನೆಗೆ ಇಕ್ಕಳದಲ್ಲಿ ಗಾಳದ ಒಳಮುಳ್ಳನ್ನು ಒತ್ತಿ ಚಪ್ಪಟೆ ಮಾಡುತ್ತೇನೆ. ಆಗ ಸಣ್ಣ ಮೀನು ಸಿಕ್ಕಿದರೆ ಬಾಯಿ ಹರಿಯದೆ ಬಿಡಿಸಿ ನೀರಿಗೆ ಬಿಡಬಹುದು.

ಒಂದು ಕಟ್ಟಲು ನನಗೆ ಇಪ್ಪತ್ತು ನಿಮಿಷ ಬೇಕು. ಇಲ್ಲಿಯವರೆಗೆ ಇಪ್ಪತ್ತನಾಲ್ಕು ಆಗಿದೆ. ಹಿನ್ನೀರಲ್ಲಿ ಸಿಗುವುದು ಹೆಚ್ಚಾಗಿ ಜಿಲೇಬಿ, ಅಂದರೆ ತಿಲಾಪಿಯ. 1952ರಲ್ಲಿ ಭಾರತಕ್ಕೆ ಹೊರಗಿನಿಂದ ತಂದ ಮೀನು ಅದು. ಎಷ್ಟು ಹಿಡಿದರೂ ಹೊಳೆಗೆ ನಷ್ಟವಿಲ್ಲ. ನಮ್ಮ ಹೊಳೆಯ ಮೀನು ಬಂದರೆ ವಾಪಸ್ ಬಿಡುವುದು ಅಂತ ಮೂವರೂ ಮಾತಾಡಿಕೊಂಡಿದ್ದೇವೆ.

ಈಗ ಆ ಪ್ಯಾಕೆಟ್ ವಿಷಯ. ಬ್ಲೀಚಿಂಗ್ ಪೌಡರ್ ನೀರಿಗೆ ಬಿದ್ದರೆ ಅದರ ಕ್ಲೋರಿನ್ ಮೀನಿನ ಕಿವಿರು ಸುಡುತ್ತದೆ. ಉಸಿರು ಕಟ್ಟಿ ಮೀನು ಮೇಲೆ ಬರುತ್ತದೆ. ನೀವು ದೊಡ್ಡದನ್ನು ಆರಿಸಿ ಚೀಲಕ್ಕೆ ಹಾಕಿಕೊಂಡು ಹೋಗುತ್ತೀರಿ. ಬೆರಳುದ್ದದ ಮರಿ, ಸಿಗಡಿ, ಏಡಿ, ಕಪ್ಪೆಮರಿ, ಮೀನು ತಿನ್ನುವ ಹುಳುಗಳು ಎಲ್ಲ ಅಲ್ಲೇ ಕೊಳೆಯುತ್ತವೆ. ಕಾಫಿ ತೋಟಕ್ಕೆ ತಂದ ಮೈಲುತುತ್ತವನ್ನೂ ಕೀಟನಾಶಕವನ್ನೂ ಹಳ್ಳಕ್ಕೆ ಸುರಿಯುವವರಿದ್ದಾರೆ. ತೋಟೆ ಹಾಕಿದರೆ ಮೀನಿನ ಒಳಗಿನ ಗಾಳಿಚೀಲ ಒಡೆಯುತ್ತದೆ. ಮೇಲೆ ತೇಲುವುದು ಒಂದಿಷ್ಟು, ತಳಕ್ಕೆ ಮುಳುಗಿ ಯಾರ ಕೈಗೂ ಸಿಗದೆ ಹಾಳಾಗುವುದು ಇನ್ನಷ್ಟು. ಬ್ಯಾಟರಿ, ಇನ್ವರ್ಟರ್ ಕಟ್ಟಿಕೊಂಡು ನೀರಿಗೆ ಕರೆಂಟ್ ಬಿಡುವವರು ಮರಿಯನ್ನೂ ಬಿಡುವುದಿಲ್ಲ, ತಾವು ಸಾಯುವ ಅಪಾಯವನ್ನೂ ಲೆಕ್ಕಿಸುವುದಿಲ್ಲ.

ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಎಡಕುಮೇರಿ ಕಡೆಯ ಹಳ್ಳವೊಂದರಲ್ಲಿ ಇದನ್ನು ಕಣ್ಣಾರೆ ನೋಡಿದೆ. ಬೇಸಗೆಯಲ್ಲಿ ಹಳ್ಳ ಬತ್ತಿ ಅಲ್ಲಲ್ಲಿ ಗುಂಡಿ ಮಾತ್ರ ಉಳಿದಿರುತ್ತದೆ. ಮಳೆಗಾಲದವರೆಗೂ ಬದುಕಬೇಕಾದ ಮೀನೆಲ್ಲ ಆ ಗುಂಡಿಗಳಲ್ಲೇ ಇರುತ್ತವೆ. ಅಂಥ ಒಂದು ಗುಂಡಿಗೆ ಯಾರೋ ವಿಷ ಹಾಕಿದ್ದರು. ಅಂಚಿನುದ್ದಕ್ಕೂ ಬೆಳ್ಳಗೆ ಮರಿಮೀನು. ಫೋಟೊ ತೆಗೆದು ಸುದ್ದಿ ಕಳಿಸಿದೆ. ನಾಲ್ಕು ಸಾಲು ಬಂತು, ಫೋಟೊ ಬರಲಿಲ್ಲ. ಆನೆ ಸತ್ತರೆ ಮುಖಪುಟ, ಹಳ್ಳವೇ ಸತ್ತರೆ ಒಳಪುಟದ ಮೂಲೆ.

ಈ ನೀರು ಎಲ್ಲಿಗೆ ಹೋಗುತ್ತದೆ ಗೊತ್ತಲ್ಲ? ಎಡಕುಮೇರಿ ಕಡೆಯದು ಗುಂಡ್ಯದತ್ತ ಇಳಿದು ಕುಮಾರಧಾರಾ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕೂಡುತ್ತದೆ. ಗುಡ್ಡದ ಈಚೆ ಬಿದ್ದ ಮಳೆ ಹೇಮಾವತಿ ಹಿಡಿದು ಕಾವೇರಿಗೆ ಹೋಗುತ್ತದೆ. ಆದರೆ ಅಷ್ಟು ದೂರ ಯಾಕೆ? ವಿಷ ಹಾಕಿದ ಗುಂಡಿಯ ಕೆಳಗಿನ ತಿರುವಿನಲ್ಲಿ ನಮ್ಮದೇ ದನ ನೀರು ಕುಡಿಯುತ್ತದೆ, ನಮ್ಮದೇ ಹೆಂಗಸರು ಬಟ್ಟೆ ಒಗೆಯುತ್ತಾರೆ. ಆ ಚೀಲದ ಮೀನನ್ನು ಸಾರು ಮಾಡಿ ಮಕ್ಕಳಿಗೆ ಬಡಿಸುವವರೂ ನಾವೇ.

ನಮ್ಮ ಭಕ್ತಿ ನೋಡಿ. ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ಹೋದರೆ ಕಾವೇರಿಯ ವಹ್ನಿ ಪುಷ್ಕರಿಣಿಯಲ್ಲಿ ದೇವರ ಮೀನಿಗೆ ಮಂಡಕ್ಕಿ ಹಾಕಿ ಕೈ ಮುಗಿಯುತ್ತೇವೆ. ಘಟ್ಟದ ಕೆಳಗೆ ಶಿಶಿಲದಲ್ಲೂ ಹಾಗೇ. ಆ ಶಿಶಿಲದ ಕಪಿಲಾ ನದಿಗೆ 1996ರಲ್ಲಿ ವಿಷ ಬಿದ್ದು ಸಾವಿರಾರು ದೇವರ ಮೀನು ಸತ್ತವು. ಅವುಗಳ ನೆನಪಿಗೆ ಅಲ್ಲೊಂದು ಸ್ಮಾರಕ ಕಟ್ಟಿದ್ದಾರೆ. ದೇವಸ್ಥಾನದ ಮುಂದೆ ಸತ್ತದ್ದಕ್ಕೆ ಸ್ಮಾರಕ ಸಿಕ್ಕಿತು. ನಮ್ಮ ಹಳ್ಳಗಳಲ್ಲಿ ಪ್ರತಿ ಬೇಸಗೆ ಸಾಯುವುದಕ್ಕೆ ಲೆಕ್ಕವೂ ಇಲ್ಲ. ಗಂಟೆ ಸದ್ದು ಕೇಳುವಷ್ಟು ದೂರ ಮಾತ್ರ ಮೀನು ದೇವರದ್ದಾ?

ಇದಕ್ಕೆ ಬರುವ ಮಾತುಗಳೂ ನನಗೆ ಗೊತ್ತು. ಮೊದಲನೆಯದು: "ಇದಕ್ಕೆಲ್ಲ ಕಾನೂನು ಎಲ್ಲಿದೆ?" ಇದೆ. 150 ವರ್ಷದ ಹಿಂದೆ ಮಂಗಳೂರಿನಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ನನ್ನ ಹಾಗೇ ಗಾಳದ ಹುಚ್ಚಿನವನು. ಅವನ 'ದಿ ರಾಡ್ ಇನ್ ಇಂಡಿಯಾ' ಪುಸ್ತಕ ಅಚ್ಚಾದದ್ದು 1873ರಲ್ಲಿ ಮಂಗಳೂರಿನಲ್ಲೇ. ಕರಾವಳಿ, ಘಟ್ಟದ ಹೊಳೆಗಳಲ್ಲಿ ಮರಿಮೀನು ನಾಶವಾಗುತ್ತಿದೆ ಅಂತ ಅವನು ಆಗಲೇ ಸರ್ಕಾರಕ್ಕೆ ವರದಿ ಬರೆದಿದ್ದ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ತೋಟೆ ಮತ್ತು ವಿಷ ಎರಡನ್ನೂ ಅಪರಾಧ ಮಾಡಿತು: ಎರಡು ತಿಂಗಳವರೆಗೆ ಜೈಲು ಅಥವಾ 200 ರೂಪಾಯಿವರೆಗೆ ದಂಡ. ಆ ಕಾಲಕ್ಕೆ ಇನ್ನೂರು ರೂಪಾಯಿ ದೊಡ್ಡ ದುಡ್ಡು. ರಾಜ್ಯಕ್ಕೆ 1996ರ ಒಳನಾಡು ಮೀನುಗಾರಿಕೆ ಕಾಯ್ದೆಯೂ ಇದೆ. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಗಾಳ ಹಾಕುವುದೂ ತಪ್ಪೇ, ಅದಕ್ಕೇ ನಾವು ಹಿನ್ನೀರಿಗೆ ಹೋಗುತ್ತಿರುವುದು. ಕಾನೂನು ಇದೆ, ದೂರು ಕೊಡುವವರಿಲ್ಲ. ವಿಷ ಹಾಕಿದವನು ಯಾರು ಅಂತ ಊರಿಗೆಲ್ಲ ಗೊತ್ತು, ಆದರೆ ಅವನು ನೆಂಟ, ಇಲ್ಲವೇ ಪಾರ್ಟಿಯವನು.

ಎರಡನೆಯದು: "ಸರ್ಕಾರವೇ ಹೊಳೆ ತಿರುಗಿಸಿದೆ, ನಮ್ಮ ಒಂದು ಪ್ಯಾಕೆಟ್ ಏನು ಮಹಾ?" ಎತ್ತಿನಹೊಳೆ, ಕಾಡುಮನೆ ಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಗೆ ಎಂಟು ಕಡೆ ಅಡ್ಡಗಟ್ಟೆ ಕಟ್ಟಿ 24.01 ಟಿಎಂಸಿ ನೀರೆತ್ತುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಉದ್ಘಾಟನೆ ಆಯಿತು. ನೀರೆತ್ತುವುದು ಮಳೆಗಾಲದಲ್ಲಿ, ಅಂದರೆ ಮೀನು ಮೊಟ್ಟೆ ಇಡಲು ಮೇಲಕ್ಕೆ ಹತ್ತುವ ಕಾಲದಲ್ಲಿ. ಅದರ ಬಗ್ಗೆ ನನಗೂ ಸಿಟ್ಟಿದೆ, ಬರೆದಿದ್ದೇನೆ. ಆದರೆ ಹೊಳೆ ಉಳಿಸಿ ಅಂತ ಬೋರ್ಡ್ ಹಿಡಿದ ಕೈಯಲ್ಲೇ ಬ್ಲೀಚಿಂಗ್ ಪೌಡರ್ ಇದ್ದರೆ ನಮ್ಮ ಮಾತನ್ನು ಯಾರು ಕೇಳಬೇಕು? "ನಿಮ್ಮ ಹೊಳೆಯಲ್ಲಿ ಏನಿದೆ ಉಳಿಸೋಕೆ?" ಅಂತ ಕೇಳಿದರೆ ತೋರಿಸಲು ನಾಲ್ಕು ಮೀನಾದರೂ ಬೇಡವೇ?

ಮೂರನೆಯದು: "ಗಾಳ ಹಿಡ್ಕೊಂಡು ಕೂರೋದು ಕೆಲಸ ಇಲ್ಲದವರ ಕೆಲಸ." ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಗಾಳ ಹಿಡಿದು ದಂಡೆಯಲ್ಲಿ ಕೂರುತ್ತಿದ್ದವರೇ. ಮಲೆನಾಡಿನ ಹೊಳೆಗಳನ್ನು ಅವರಷ್ಟು ನೋಡಿ ಬರೆದವರು ಯಾರು? ಅಮೆರಿಕದಲ್ಲಿ ಸನ್‌ಫಿಶ್ ಅಂತ ಅಂಗೈಯಗಲದ ಮೀನಿದೆ, ನಮ್ಮ ಜಿಲೇಬಿಯಷ್ಟೇ. ಅದನ್ನು ಹಿಡಿಯಲು ಅಲ್ಲಿಯವರು ಚಳಿಗಾಲವೆಲ್ಲ ಕೂತು ಗರಿ ಕಟ್ಟುತ್ತಾರೆ. ಆಮೇಲೂ ಮಿನ್ನೆಸೋಟ ರಾಜ್ಯದಲ್ಲಿ ಒಬ್ಬರಿಗೆ 20 ಮೀನು ಅಂತ ಮಿತಿ, ಕೆಲವು ಕೆರೆಗಳಲ್ಲಿ 10, ಕೆಲವದರಲ್ಲಿ 5. ಅಷ್ಟು ಸಣ್ಣ ಮೀನಿಗೂ ಲೆಕ್ಕ ಇಟ್ಟಿದ್ದಾರೆ. ಗಾಳ ಹಾಕುವವನಿಗೆ ಮೀನು ಒಂದೊಂದಾಗಿ ಸಿಗುತ್ತದೆ, ಕೈಯಲ್ಲಿ ಹಿಡಿದು ನೋಡಿ ಇದು ಬೇಕಾ ಬೇಡವಾ ಅಂತ ಯೋಚಿಸಲು ಸಮಯ ಇರುತ್ತದೆ. ಪ್ಯಾಕೆಟ್ ಸುರಿದವನಿಗೆ ಆ ಸಮಯ ಇಲ್ಲ.

ನಮ್ಮ ಹಳೇ ಪದ್ಧತಿಯೆಲ್ಲ ಸರಿ ಅಂತ ನಾನು ಹೇಳುವುದಿಲ್ಲ. ಜೂನ್ ಮಳೆಗೆ ಹತ್ತುಮೀನು ಬಂದಾಗ ಗದ್ದೆ ಬಾಯಿಗೆಲ್ಲ ಕೂಳಿ ಇಟ್ಟು ಮೊಟ್ಟೆ ತುಂಬಿದ ಮೀನು ಬಾಚುವುದೂ ನಿಲ್ಲಬೇಕು. ನಾನೂ ಚಿಕ್ಕವನಿದ್ದಾಗ ಕೂಳಿ ಎತ್ತಿದವನೇ.

ನನ್ನ ಬೇಡಿಕೆ ದೊಡ್ಡದಲ್ಲ. ಮುಂದಿನ ಗ್ರಾಮಸಭೆಯಲ್ಲಿ ಒಬ್ಬರಾದರೂ ಎದ್ದು, ನಮ್ಮ ಪಂಚಾಯ್ತಿ ಹಳ್ಳಗಳಿಗೆ ವಿಷ, ತೋಟೆ, ಕರೆಂಟ್ ಹಾಕಬಾರದು ಅಂತ ಠರಾವು ಬರೆಸಿ. ಬೇಸಗೆಯಲ್ಲಿ ನೀರು ನಿಲ್ಲುವ ದೊಡ್ಡ ಗುಂಡಿ ಪ್ರತಿ ಊರಲ್ಲೂ ಒಂದೆರಡು ಇರುತ್ತದೆ. ಅದನ್ನು ಯಾರೂ ಮುಟ್ಟಬಾರದು ಅಂತ ಊರೇ ತೀರ್ಮಾನಿಸಲಿ. ಯಾರಾದರೂ ಪೌಡರ್ ಸುರಿಯುವುದು ಕಂಡರೆ ಫೋಟೊ ತೆಗೆದು ಮೀನುಗಾರಿಕೆ ಇಲಾಖೆಗೆ, ಪೊಲೀಸರಿಗೆ ಕಳಿಸಿ. ನೆಂಟನಾದರೂ ಸರಿ.

ಆ ಹುಡುಗನಿಗೆ ನಿನ್ನೆ ಒಂದು ಗಾಳ, ನೂಲು, ಹುಂಜದ ಗರಿ ಕೊಟ್ಟು ಕೂರಿಸಿದೆ. ಮೂರು ಸಲ ನೂಲು ಹರಿದ, ಬೆರಳಿಗೆ ಚುಚ್ಚಿಸಿಕೊಂಡ, ಬೈದುಕೊಂಡ. ನಾಲ್ಕನೆಯದು ಒಂದು ಮಟ್ಟಿಗೆ ಹುಳದ ಹಾಗೆ ಕಂಡಿತು. ಇಪ್ಪತ್ತೈದನೆಯದಾಗಿ ಅದನ್ನೂ ಡಬ್ಬಿಗೆ ಹಾಕಿಟ್ಟಿದ್ದೇನೆ. ಹಿನ್ನೀರಿಗೆ ಅವನೂ ಬರುತ್ತಾನಂತೆ.