ಮೊದಲು ತಕ್ಕಡಿ, ಆಮೇಲೆ ಟರ್ಬೊ

ಪುಣೆಯ ಚಾಕಣ್, ಚೆನ್ನೈನ ಒರಗಡಂ, ದೆಹಲಿ ಬದಿಯ ಮಾನೇಸರ್. ಕಾರು ತಯಾರಾಗುವ ಊರುಗಳಲ್ಲೆಲ್ಲ ನಮ್ಮವರು ಸಿಗುತ್ತಾರೆ. ದಾವಣಗೆರೆ, ಹುಬ್ಬಳ್ಳಿ, ಸುರತ್ಕಲ್, ಹಾಸನದ ಕಾಲೇಜುಗಳಲ್ಲಿ ಮೆಕ್ಯಾನಿಕಲ್ ಓದಿ ಬಂದವರು. ವಾರದ ಐದು ದಿನ ಕಂಪನಿಯ ಕಾರಿಗೆ ದುಡಿದು, ಉಳಿದೆರಡು ದಿನ ತಮ್ಮ ಕಾರಿನ ಅಡಿಯಲ್ಲಿ ಮಲಗುವವರ ಸಣ್ಣ ಪಂಗಡವೂ ಇವರಲ್ಲಿದೆ. ಡ್ರ್ಯಾಗ್ ರೇಸ್ ಹುಚ್ಚಿನವರು. ನಿಂತಲ್ಲಿಂದ ಹೊರಟು ಕಾಲು ಮೈಲಿ, ಅಂದರೆ 402 ಮೀಟರ್, ನೆಟ್ಟಗೆ ಓಡಿ ಯಾರು ಮೊದಲು ಮುಟ್ಟುತ್ತಾರೆ ಎಂದು ನೋಡುವ ಆಟ. ಚಾಸಿಸ್ ವಿಭಾಗದಲ್ಲಿ ಕೆಲಸ ಮಾಡುವ ನನ್ನನ್ನು ಈ ಗೆಳೆಯರು ಆಗಾಗ ಕರೆಯುತ್ತಾರೆ. ಕಾರಿನ ಎತ್ತರ ಎಷ್ಟಿಡಬೇಕು, ಭಾರ ಎಲ್ಲಿರಬೇಕು ಎಂದು ಕೇಳುತ್ತಾರೆ. ಆದರೆ ಕೇಳುವುದು ಎಲ್ಲ ಮುಗಿದ ಮೇಲೆ. ಟರ್ಬೊ ಬಂದಿರುತ್ತದೆ, ಇಸಿಯು ರೀಮ್ಯಾಪ್ ಆಗಿರುತ್ತದೆ, ಸೈಲೆನ್ಸರ್ ಬದಲಾಗಿರುತ್ತದೆ, ಎರಡು ತಿಂಗಳ ಸಂಬಳ ಖಾಲಿಯಾಗಿರುತ್ತದೆ. ಕಾರನ್ನು ಮಾತ್ರ ಒಮ್ಮೆಯೂ ತೂಗಿರುವುದಿಲ್ಲ.

ಈ ಅನುಕ್ರಮವೇ ತಲೆಕೆಳಗು ಎಂಬುದು ನನ್ನ ತಕರಾರು.

ನಮ್ಮ ಹುಡುಗರ ಕೈಯಲ್ಲಿರುವ ಕಾರುಗಳಲ್ಲಿ ಹೆಚ್ಚಿನವು ಮುಂದಿನ ಚಕ್ರಗಳೇ ಎಳೆಯುವ ಫ್ರಂಟ್ ವೀಲ್ ಡ್ರೈವ್ ಕಾರುಗಳು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಹಿಂದಿನ ಚಕ್ರ ನೂಕುತ್ತಿತ್ತು. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದ ಮೇಲೆ ಚಿತ್ರ ಬದಲಾಯಿತು. ಸ್ವಿಫ್ಟ್, ಪೋಲೊ, ಸಿಟಿ ಎಲ್ಲವೂ ಮುಂದಿನಿಂದ ಎಳೆಯುವಂಥವು. ಆದರೆ ಡ್ರ್ಯಾಗ್ ಬಗ್ಗೆ ನಾವು ಓದುವ, ನೋಡುವ ಉಪದೇಶದ ಬಹುಪಾಲು ಬಂದಿರುವುದು ಹಿಂದಿನ ಚಕ್ರ ನೂಕುವ ಅಮೆರಿಕದ ದೊಡ್ಡ ಕಾರುಗಳಿಂದ. ಬ್ಯಾಟರಿಯನ್ನು ಡಿಕ್ಕಿಗೆ ಸಾಗಿಸು, ಮೂತಿ ಮೇಲೇಳಲಿ, ಹಿಂಭಾಗ ಕೂರಲಿ ಎನ್ನುವುದು ಅಲ್ಲಿ ಸರಿ. ನಮ್ಮ ಕಾರಿಗೆ ಅದೇ ವಿಷ.

ಯಾಕೆಂದು ಊರಲ್ಲಿ ಎತ್ತಿನ ಗಾಡಿ ಹೇರಿದವರಿಗೆ ಹೇಳಬೇಕಿಲ್ಲ. ಹುಲ್ಲು ಹಿಂದಕ್ಕೆ ಹೆಚ್ಚಾದರೆ ಗಾಡಿ ಹಿಂಭಾರವಾಗಿ ನೊಗ ಮೇಲೇಳುತ್ತದೆ, ಮುಂದಕ್ಕೆ ಹೆಚ್ಚಾದರೆ ಎತ್ತಿನ ಕುತ್ತಿಗೆ ಒತ್ತುತ್ತದೆ. ಫ್ರಂಟ್ ವೀಲ್ ಡ್ರೈವ್ ಡ್ರ್ಯಾಗ್ ಕಾರಿನ ಗೋಳು ಏನೆಂದರೆ, ನಿಂತಾಗ ಮುಂಭಾರವಾಗಿರುವ ಗಾಡಿ ಹೊರಟ ಕ್ಷಣದಲ್ಲೇ ಹಿಂಭಾರವಾಗತೊಡಗುತ್ತದೆ. ಎಳೆಯಬೇಕಾದ ಚಕ್ರಕ್ಕೆ ಹಿಡಿತ ಬೇಕಾದಾಗಲೇ ಭಾರ ಅದನ್ನು ಬಿಟ್ಟು ಹಿಂದಕ್ಕೆ ಹೋಗುತ್ತದೆ.

ಎಷ್ಟು ಹೋಗುತ್ತದೆ ಎಂಬುದಕ್ಕೆ ಹೈಸ್ಕೂಲು ಗಣಿತ ಸಾಕು. ಕಾರಿನ ತೂಕವನ್ನು ವೇಗೋತ್ಕರ್ಷದಿಂದಲೂ ಗುರುತ್ವ ಕೇಂದ್ರದ ಎತ್ತರದಿಂದಲೂ ಗುಣಿಸಿ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರದಿಂದ, ಅಂದರೆ ವೀಲ್‌ಬೇಸ್‌ನಿಂದ, ಭಾಗಿಸಬೇಕು. ಚಾಲಕನೂ ಸೇರಿ 1000 ಕೆ.ಜಿ. ತೂಗುವ ಕಾರು ಎಂದುಕೊಳ್ಳಿ. ಮುಂದೆ 620, ಹಿಂದೆ 380. ವೀಲ್‌ಬೇಸ್ ಎರಡೂವರೆ ಮೀಟರ್, ಗುರುತ್ವ ಕೇಂದ್ರ ನೆಲದಿಂದ 50 ಸೆಂ.ಮೀ. ಗುರುತ್ವದ ಅರ್ಧದಷ್ಟು ವೇಗೋತ್ಕರ್ಷದಲ್ಲಿ ಹೊರಟರೆ 100 ಕೆ.ಜಿ. ಹಿಂದಕ್ಕೆ ಸರಿಯುತ್ತದೆ. ಮುಂದೆ ಉಳಿಯುವುದು 520. ಟರ್ಬೊ ಎಷ್ಟೇ ದೊಡ್ಡದಿರಲಿ, ಮೊದಲ ಗೇರಿನಲ್ಲಿ ನೆಲಕ್ಕೆ ಇಳಿಯುವ ಬಲ ಈ 520 ಕೆ.ಜಿ. ಮತ್ತು ಟೈರಿನ ಹಿಡಿತ ಒಪ್ಪಿದಷ್ಟೇ. ಉಳಿದದ್ದೆಲ್ಲ ಹೊಗೆ.

ಈಗ ಆ ಬ್ಯಾಟರಿಯ ವಿಷಯ. 15 ಕೆ.ಜಿ.ಯ ಬ್ಯಾಟರಿ ಮುಂದಿನ ಆಕ್ಸಲ್ ಮೇಲಿತ್ತು, ಅದನ್ನು ಹಿಂದಿನ ಆಕ್ಸಲ್‌ಗಿಂತ ಅರ್ಧ ಮೀಟರ್ ಹಿಂದೆ ಡಿಕ್ಕಿಯಲ್ಲಿಟ್ಟರು ಅನ್ನೋಣ. ಮುಂದೆ ಕಳೆದುಹೋಗುವುದು 15 ಅಲ್ಲ, 18 ಕೆ.ಜಿ. ಆಕ್ಸಲ್‌ನ ಹಿಂದೆ ಜೋತುಬಿದ್ದ ಭಾರ ಮೂತಿಯನ್ನು ಎತ್ತಲೂ ನೋಡುತ್ತದೆ. ಇಡೀ ಕಾರನ್ನು 5 ಸೆಂ.ಮೀ. ತಗ್ಗಿಸಿದರೆ ಸ್ಟಾರ್ಟ್‌ನಲ್ಲಿ ಉಳಿಯುವುದು 10 ಕೆ.ಜಿ. ಮಾತ್ರ. ದುಬಾರಿ ಕಾಯಿಲ್‌ಓವರ್ ಹಾಕಿಸಿ ಗಳಿಸಿದ್ದಕ್ಕಿಂತ ಹೆಚ್ಚನ್ನು ಪುಕ್ಕಟೆಯಾಗಿ ಡಿಕ್ಕಿಯಲ್ಲಿ ಕಳೆದುಕೊಂಡಂತಾಯಿತು.

ಹಿಂದಿನ ವರ್ಷ ಧಾರವಾಡ ಕಡೆಯ ಗೆಳೆಯನೊಬ್ಬ ತನ್ನ ಹ್ಯಾಚ್‌ಬ್ಯಾಕ್ ತಂದ. ಬ್ಯಾಟರಿ ಡಿಕ್ಕಿಯಲ್ಲಿ, ಪಕ್ಕದಲ್ಲಿ ಸ್ಟೆಪ್ನಿ, ಅದರ ಜತೆಗೊಂದು ಸಬ್‌ವೂಫರ್. ರೇಸಿನಲ್ಲಿ ಹಾಡು ಕೇಳುತ್ತೀಯಾ ಎಂದರೆ ನಕ್ಕ. ನಾಲ್ಕು ಚಕ್ರದಡಿ ಇಡುವ ಎಲೆಕ್ಟ್ರಾನಿಕ್ ತೂಕದ ಪ್ಯಾಡ್ ನಮ್ಮ ಬಳಿ ಇರಲಿಲ್ಲ. ಲಾರಿ ತೂಗುವ ವೇಬ್ರಿಜ್‌ಗೆ ಹೋದೆವು. ಕಬ್ಬು ಬೆಳೆಯುವ ಸೀಮೆಯವರಿಗೆಲ್ಲ ಗೊತ್ತಿರುವ ಜಾಗ. ನೂರಿನ್ನೂರು ರೂಪಾಯಿ ಕೊಟ್ಟರೆ ಚೀಟಿ ಬರುತ್ತದೆ. ಮುಂದಿನ ಚಕ್ರಗಳನ್ನಷ್ಟೇ ಹತ್ತಿಸಿದಾಗ 590, ಪೂರ್ತಿ ಹತ್ತಿಸಿದಾಗ 1010. ಮುಂಭಾಗದ ಪಾಲು ನೂರಕ್ಕೆ 58 ಚಿಲ್ಲರೆ. ಬ್ಯಾಟರಿ ಮೊದಲಿನ ಜಾಗಕ್ಕೆ ಬಂತು, ಸ್ಟೆಪ್ನಿ, ಸಬ್‌ವೂಫರ್ ಮನೆಯಲ್ಲಿ ಉಳಿದವು. ಮತ್ತೆ ತೂಗಿದರೆ ಒಟ್ಟು 985, ಮುಂದೆ 615. ಕಾರು 25 ಕೆ.ಜಿ. ಹಗುರವಾಗಿ ಮೂತಿ 25 ಕೆ.ಜಿ. ಭಾರವಾಗಿತ್ತು. ಎಂಜಿನ್‌ಗೆ ಕೈ ಹಚ್ಚದೆ ಮೊದಲ 60 ಅಡಿಯ ಓಟದಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಉಳಿಯಿತು. ಡ್ರ್ಯಾಗ್‌ನಲ್ಲಿ ಅದು ದೊಡ್ಡ ಮೊತ್ತ.

ಎತ್ತರದ ವಿಷಯದಲ್ಲಿ ಇನ್ನೂ ದೊಡ್ಡ ಗೊಂದಲವಿದೆ. ಹಿಂಭಾಗ ಎತ್ತಿದರೆ ನೀರು ಹರಿದಂತೆ ಭಾರ ಮುಂದಕ್ಕೆ ಹರಿಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಬಾಲ ಎತ್ತಿದ ಮಿಡತೆಯಂಥ ಕಾರುಗಳನ್ನು ನೀವೂ ನೋಡಿರುತ್ತೀರಿ. ಲೆಕ್ಕ ಹಾಕಿ. ನಮ್ಮ ಉದಾಹರಣೆಯ ಕಾರಿನ ಹಿಂಭಾಗವನ್ನು 5 ಸೆಂ.ಮೀ. ಎತ್ತಿದರೆ ನಿಂತಲ್ಲಿ ಮುಂದಕ್ಕೆ ಬರುವುದು ಒಂದೂವರೆ ಕೆ.ಜಿ. ಆದರೆ ಗುರುತ್ವ ಕೇಂದ್ರವೂ ಸುಮಾರು 2 ಸೆಂ.ಮೀ. ಮೇಲೇರಿತಲ್ಲ? ಹೊರಡುವಾಗ ಅದರಿಂದ ಹೆಚ್ಚುವರಿಯಾಗಿ ನಾಲ್ಕು ಕೆ.ಜಿ. ಹಿಂದಕ್ಕೆ ಹೋಗುತ್ತದೆ. ನಿವ್ವಳ ನಷ್ಟ. ಬದಲಿಗೆ ಮೂತಿಯನ್ನೇ 5 ಸೆಂ.ಮೀ. ಇಳಿಸಿದರೆ ಎರಡೂ ಕಡೆ ಲಾಭ, ಒಟ್ಟು ಹೆಚ್ಚುಕಡಿಮೆ 8 ಕೆ.ಜಿ. ಹಾಗಾಗಿ ಹಿಂಭಾಗ ಇದ್ದಲ್ಲೇ ಇರಲಿ, ಮೂತಿ ತಗ್ಗಲಿ ಎನ್ನುವುದು ನನ್ನ ಪಕ್ಷ.

ಮೂತಿ ತಗ್ಗಿಸುವುದಕ್ಕೂ ಮಿತಿಯಿದೆ. ಡ್ರೈವ್‌ಶಾಫ್ಟ್‌ನ ಕೋನ ಹೆಚ್ಚಾದರೆ ಪೂರ್ಣ ಬಲ ಬಿದ್ದಾಗ ಜಾಯಿಂಟ್ ತಡೆಯುವುದಿಲ್ಲ. ಟೋ, ಕ್ಯಾಂಬರ್ ಬದಲಾಗುತ್ತವೆ, ಅಲೈನ್‌ಮೆಂಟ್ ಮತ್ತೆ ಮಾಡಿಸಲೇಬೇಕು. ಆಯಿಲ್ ಸಂಪ್ ನೆಲಕ್ಕೆ ಹತ್ತಿರ ಬರುತ್ತದೆ. ಅದೇ ಕಾರಿನಲ್ಲಿ ಸೋಮವಾರ ಆಫೀಸಿಗೆ ಹೋಗುವವರಿಗೆ ಪುಣೆಯ ಸ್ಪೀಡ್ ಬ್ರೇಕರ್‌ಗಳೇ ಬುದ್ಧಿ ಹೇಳುತ್ತವೆ. ಸ್ಪ್ರಿಂಗ್ ಕತ್ತರಿಸುವುದನ್ನಂತೂ ನಾನು ಯಾರಿಗೂ ಹೇಳುವುದಿಲ್ಲ. ಕತ್ತರಿಸಿದ ಸ್ಪ್ರಿಂಗ್ ಗಡುಸಾಗುತ್ತದೆ, ಗಿಡ್ಡವಾಗುತ್ತದೆ, ಚಕ್ರ ಪೂರ್ತಿ ಕೆಳಗೆ ಜೋತಾಗ ತನ್ನ ಕೂರುವ ಜಾಗದಿಂದ ಸಡಿಲಬಹುದು. ಗ್ಯಾರೇಜಿನವನು ಐದು ನಿಮಿಷದ ಕೆಲಸ ಎಂದರೆ ಆ ಗ್ಯಾರೇಜು ಬಿಟ್ಟು ಬನ್ನಿ.

ಹಾಗಾದರೆ ಹಿಂದಿನ ಸ್ಪ್ರಿಂಗ್ ಗಟ್ಟಿ ಹಾಕುವುದೇಕೆ, ಮುಂದಿನ ಶಾಕ್ ಅಬ್ಸಾರ್ಬರ್ ಬೇಗ ಮೇಲೇಳದಂತೆ ಬಿಗಿ ಮಾಡುವುದೇಕೆ? ಸ್ಪ್ರಿಂಗ್ ಎಷ್ಟೇ ಗಟ್ಟಿಯಿದ್ದರೂ ಹಿಂದಕ್ಕೆ ಸರಿಯುವ ಭಾರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದನ್ನು ತಡೆಯುವ ಸ್ಪ್ರಿಂಗ್ ಇನ್ನೂ ಹುಟ್ಟಿಲ್ಲ. ತಡೆಯುವುದು ಮೂತಿ ಮೇಲೇಳುವುದನ್ನು. ಮೂತಿ ಎದ್ದರೆ ಚಕ್ರದ ಕೋನಗಳು ಕೆಡುತ್ತವೆ, ಟೈರು ಹಿಡಿದು ಬಿಟ್ಟು ಹಿಡಿದು ಬಿಟ್ಟು ಕುಪ್ಪಳಿಸತೊಡಗುತ್ತದೆ, ಶಾಫ್ಟ್ ಮುರಿಯುವುದು ಆಗಲೇ. ಹಳೆಯ ವಿಮಾನ ಪಟ್ಟಿಗಳ ಡಾಂಬರು ನಯವಾಗಿರುವುದಿಲ್ಲ, ಹಾಗಾಗಿ ಮುಂದಿನ ಚಕ್ರಕ್ಕೆ ಕೆಳಗಿಳಿಯಲು ಒಂದಿಷ್ಟು ಜಾಗ ಬಿಟ್ಟೇ ಬಿಗಿಯಬೇಕು.

ಎಡಬಲದ ಸಂಗತಿ ಚಿಕ್ಕದು, ಆದರೆ ಯಾರೂ ನೋಡುವುದಿಲ್ಲ. ನಮ್ಮಲ್ಲಿ ಚಾಲಕ ಬಲಕ್ಕೆ ಕೂರುತ್ತಾನೆ. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಸಮ ಬಲ ಹಂಚುವುದರಿಂದ ಹಗುರ ಚಕ್ರ ಜಾರಿದರೆ ಭಾರದ ಚಕ್ರವೂ ಅಷ್ಟಕ್ಕೇ ನಿಲ್ಲುತ್ತದೆ. ಬಲಕ್ಕೆ 330, ಎಡಕ್ಕೆ 290 ಇದ್ದರೆ ನಿಮಗೆ ಸಿಗುವುದು 290ರ ಎರಡು ಪಟ್ಟು, ಉಳಿದ 40 ಕೆ.ಜಿ. ಸುಮ್ಮನೆ ಕೂತಿರುತ್ತದೆ. ತೂಗುವಾಗ ಚಾಲಕ ಸೀಟಿನಲ್ಲಿರಬೇಕು, ಪೆಟ್ರೋಲು ರೇಸಿನ ಮಟ್ಟದಲ್ಲಿರಬೇಕು, ಟೈರಿನ ಗಾಳಿ ಸರಿಯಿರಬೇಕು, ನೆಲ ಸಮತಟ್ಟಾಗಿರಬೇಕು. ಕಾಯಿಲ್‌ಓವರ್ ತಿರುಗಿಸಿ ಒಂದು ಮೂಲೆ ಎತ್ತಿದರೆ ಆ ಮೂಲೆಗೂ ಅದರ ಕರ್ಣದ ಮೂಲೆಗೂ ಭಾರ ಏರುತ್ತದೆ, ಉಳಿದೆರಡಕ್ಕೆ ಇಳಿಯುತ್ತದೆ. ಎಡಬದಿಯ ಒಟ್ಟು ತೂಕ ಮಾತ್ರ ಹಾಗೆಯೇ ಇರುತ್ತದೆ. ಅದು ಬದಲಾಗಬೇಕಾದರೆ ವಸ್ತುವನ್ನೇ ಎತ್ತಿ ಆಚೆ ಇಡಬೇಕು. ಬ್ಯಾಟರಿ ಎಡಕ್ಕೆ, ಚಾಲಕನಿಗೆ ಹಗುರ ಸೀಟು, ಆಮೇಲೆ ಸ್ಪ್ಯಾನರ್.

ಇಷ್ಟೆಲ್ಲ ಕೇಳಿದವರು ಮುಂದಿನ ಹೆಜ್ಜೆಯನ್ನು ತಾವೇ ಇಡುತ್ತಾರೆ. ಹಿಂದಿನದೆಲ್ಲ ಕಿತ್ತು ಬಿಸಾಡಿ ಮೂತಿಗೇ ಭಾರ ಪೇರಿಸುತ್ತಾರೆ. ಉರುಳುವಾಗ ಕಡಿಮೆ ತಡೆಯಲೆಂದು ಹಿಂದೆ ಸಪೂರ ಟೈರು ಹಾಕುತ್ತಾರೆ. ನನಗೆ ನಿಜವಾಗಿ ದಿಗಿಲಾಗುವುದು ಇಲ್ಲಿ. ಗಡಿಯಾರ 402 ಮೀಟರ್‌ಗೆ ನಿಂತರೂ ಕಾರು ನಿಲ್ಲುವುದಿಲ್ಲ. ಆ ವೇಗದಲ್ಲಿ ಬ್ರೇಕ್ ಒತ್ತಿದಾಗ ಭಾರ ತಿರುಗಿ ಮುಂದಕ್ಕೆ ನುಗ್ಗುತ್ತದೆ. ಗುರುತ್ವದ ಹತ್ತರಲ್ಲಿ ಎಂಟು ಪಾಲಿನಷ್ಟು ಬ್ರೇಕ್ ಹಿಡಿದರೆ ನಮ್ಮ ಲೆಕ್ಕದ ಕಾರಿನಲ್ಲಿ 160 ಕೆ.ಜಿ. ಹಿಂದೆ ಇದ್ದ 380ರಲ್ಲಿ ಉಳಿಯುವುದು 220. ಮುಂಭಾಗದ ಪಾಲನ್ನು ನೂರಕ್ಕೆ 68ಕ್ಕೆ ಏರಿಸಿದ ಕಾರಿನಲ್ಲಿ ಹಿಂದೆ ಉಳಿಯುವುದು 160, ಅಂದರೆ ಒಂದೊಂದು ಚಕ್ರದ ಮೇಲೆ ಬರೀ 80 ಕೆ.ಜಿ. ಕಂಪನಿ ಹಾಕಿಕೊಟ್ಟ ಬ್ರೇಕಿನ ಹಂಚಿಕೆ ಇಂಥ ಬಾಲಕ್ಕೆ ಲೆಕ್ಕ ಹಾಕಿದ್ದಲ್ಲ. ಎಬಿಎಸ್ ಫ್ಯೂಸ್ ಕಿತ್ತವರೂ ಇದ್ದಾರೆ. ಹಿಂದಿನ ಚಕ್ರ ಲಾಕ್ ಆದ ಕಾರು ನೆಟ್ಟಗೆ ನಿಲ್ಲುವುದಿಲ್ಲ, ಬಾಲ ಮುಂದೆ ಬರುತ್ತದೆ.

ಶೋಳವರಂನ ಹಳೆಯ ವಿಮಾನ ಪಟ್ಟಿಯಲ್ಲಿ ಮದ್ರಾಸಿನವರು ರೇಸ್ ಓಡಿಸುತ್ತಿದ್ದ ಕಾಲದಿಂದ ಇವತ್ತಿನ ಆಂಬಿ ವ್ಯಾಲಿಯವರೆಗೆ ನಮ್ಮಲ್ಲಿ ವೇಗಕ್ಕೆ ಜಾಗ ಕೊಟ್ಟದ್ದು ರನ್‌ವೇಗಳೇ. ರನ್‌ವೇಯಲ್ಲಿ ಅಂಕುಡೊಂಕಾದ ಕಾರನ್ನು ಹಿಡಿಯುವ ಜಲ್ಲಿಯ ಹಾಸು ಇರುವುದಿಲ್ಲ. ಸಾರ್ವಜನಿಕ ರಸ್ತೆಯ ಮಾತು ಬೇಡವೇ ಬೇಡ, ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಇರುವುದೇ ಅದಕ್ಕೆ.

ಆದ್ದರಿಂದ ಸ್ಪರ್ಧೆ ಏರ್ಪಡಿಸುವವರಲ್ಲಿ ನನ್ನದೊಂದು ಕೋರಿಕೆ. ತಪಾಸಣೆಯ ಸಾಲಿನಲ್ಲಿ ಹೆಲ್ಮೆಟ್, ಸೀಟ್ ಬೆಲ್ಟ್ ನೋಡುತ್ತೀರಿ. ಅಲ್ಲಿಯೇ ಹತ್ತಡಿ ಸಮತಟ್ಟು ಜಾಗ ಮಾಡಿ ನಾಲ್ಕು ತೂಕದ ಪ್ಯಾಡ್ ಇಡಿ. ಪ್ರತಿ ಕಾರಿನ ನಾಲ್ಕು ಅಂಕಿಗಳನ್ನು ಚೀಟಿಯಲ್ಲಿ ಬರೆದು ಚಾಲಕನ ಕೈಗೆ ಕೊಡಿ. ಮುಂಭಾಗದ ಪಾಲು ತೀರ ಹೆಚ್ಚಿರುವ ಕಾರಿನವನನ್ನು ಬ್ರೇಕಿನ ಹಂಚಿಕೆ ಬದಲಿಸಿದ್ದೀಯಾ ಎಂದು ಕೇಳಿ, ಇಲ್ಲವೆಂದರೆ ಮೊದಲು ಅರ್ಧ ವೇಗದ ಓಟ ಓಡಿಸಿ ನೋಡಿ. ಫಾರ್ಮುಲಾ ಭಾರತ್‌ಗೆ ಕಾರು ಕಟ್ಟುವ ಕಾಲೇಜು ಹುಡುಗರಿಗೆ ಈ ಪ್ಯಾಡ್‌ಗಳ ಪರಿಚಯ ಚೆನ್ನಾಗಿದೆ, ಕರೆದರೆ ಖುಷಿಯಿಂದ ಬಂದು ನಿಲ್ಲುತ್ತಾರೆ.

ಅಲ್ಲಿಯವರೆಗೆ ಹೊರನಾಡಿನ ನಮ್ಮ ಹುಡುಗರು ಐದಾರು ಮಂದಿ ಸೇರಿ ಒಂದು ಸೆಟ್ ಪ್ಯಾಡ್ ಕೊಳ್ಳಬಹುದು. ಒಂದು ಟರ್ಬೊದ ದುಡ್ಡಿನಲ್ಲಿ ಅದು ಬರುತ್ತದೆ, ಆರು ಕಾರಿಗೆ ಆಗುತ್ತದೆ. ಅದೂ ಆಗದಿದ್ದರೆ ಚಾಕಣ್‌ನ ಲಾರಿ ವೇಬ್ರಿಜ್‌ಗಳು ರಾತ್ರಿಯೂ ತೆರೆದಿರುತ್ತವೆ.