ಸೂರ್ಯನ ದಾಸೋಹ

ಅನ್ನವನ್ನು ಪ್ರಸಾದವೆಂದು ಕಣ್ಣಿಗೊತ್ತಿಕೊಳ್ಳುವ ಮನೆತನಗಳು ನಮ್ಮವು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನೆಲಕ್ಕೆ ಉದುರಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆಯನ್ನು ಕೇಳದ ಶರಣರ ಮನೆ ಇರಲಾರದು. ಆದರೂ ಹೊಲದಿಂದ ಒಲೆಗೆ ಬರುವ ಹಾದಿಯಲ್ಲಿ ಬೆಳೆ ಕೊಳೆತುಹೋದರೆ 'ದೈವೇಚ್ಛೆ' ಎಂದು ಸುಮ್ಮನಾಗುತ್ತೇವೆ. ಹಾಗೆ ಸುಮ್ಮನಾಗದ ಮಕ್ಕಳನ್ನು ನಾವು ಕಂಡೆವು.

ಪ್ರವಚನದ ನಿಮಿತ್ತ ಹಾವೇರಿ ಜಿಲ್ಲೆಯ ಒಂದು ಗ್ರಾಮಕ್ಕೆ ಹೋಗಿದ್ದೆವು. ಅದು ಬ್ಯಾಡಗಿ ಮೆಣಸಿನಕಾಯಿಯ ಸೀಮೆ. ಕಡುಗೆಂಪು ಬಣ್ಣಕ್ಕೂ ಹಿತವಾದ ಖಾರಕ್ಕೂ ಹೆಸರಾದ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಹಣ್ಣಾದ ಕಾಯಿಯನ್ನು ಕಣದಲ್ಲಿ ಹರವಿ ಹಲವು ದಿನ ಒಣಗಿಸಬೇಕು. ನಡುವೆ ಅಕಾಲ ಮಳೆ ಬಂದರೆ ಬಣ್ಣ ಕೆಡುತ್ತದೆ, ಬೂಷ್ಟು ಹಿಡಿಯುತ್ತದೆ. ಕೆಲವು ಬೂಷ್ಟುಗಳಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷವು ಬೇಯಿಸಿದರೂ ಪೂರ್ಣವಾಗಿ ನಾಶವಾಗದು.

ಆ ಊರಿನ ಪ್ರೌಢಶಾಲೆಯ ನಾಲ್ವರು ವಿದ್ಯಾರ್ಥಿಗಳು ಫೆಬ್ರವರಿ 28ರ ವಿಜ್ಞಾನ ದಿನದ ಸ್ಪರ್ಧೆಗೆಂದು ಸೌರ ಒಣಗೂಡೊಂದನ್ನು ಕಟ್ಟಿದ್ದರು. ಹಲಗೆಯ ಪೆಟ್ಟಿಗೆ, ತಳದಲ್ಲಿ ಕಪ್ಪು ಬಳಿದ ತಗಡು, ಮೇಲೆ ದಕ್ಷಿಣಕ್ಕೆ ಇಳಿಜಾರಾದ ಗಾಜು, ನಡುವೆ ಬಲೆಯ ತಟ್ಟೆ. ಗಾಜು ಬೆಳಕನ್ನು ಒಳಗೆ ಬಿಡುತ್ತದೆ, ಶಾಖವನ್ನು ಹಿಡಿದಿಡುತ್ತದೆ. ಬಿಸಿಯಾದ ಗಾಳಿ ತೇವವನ್ನು ಹೊತ್ತು ಮೇಲಿನ ರಂಧ್ರಗಳಿಂದ ಹೊರಹೋಗುತ್ತದೆ. ಕೆಳಗಿನಿಂದ ಹೊಸ ಗಾಳಿ ಬರುತ್ತದೆ. ಸೌದೆ ಬೇಡ, ವಿದ್ಯುತ್ತು ಬೇಡ. ಧೂಳಿಲ್ಲ, ನೊಣವಿಲ್ಲ.

ಒಬ್ಬ ಹುಡುಗಿ ತನ್ನ ದಾಖಲೆ ಪುಸ್ತಕವನ್ನು ನಮ್ಮ ಮುಂದಿಟ್ಟು ಸಂಕೋಚದಿಂದ ಕೇಳಿದಳು: "ಬುದ್ಧೀ, ಮೊದಲ ಸಲ ರಂಧ್ರಗಳು ಸಣ್ಣವಾದವು. ಗಾಜಿನ ಒಳಗೆಲ್ಲ ನೀರು ಕಟ್ಟಿ ಕಾಯಿ ಬೂಷ್ಟು ಹಿಡಿಯಿತು. ಆ ಪುಟವನ್ನು ಹರಿದುಬಿಟ್ಟರೆ ಬಹುಮಾನ ಬರುತ್ತದೆ ಎನ್ನುತ್ತಾರೆ. ಹರಿಯಬಹುದೇ?"

ಕೆಟ್ಟ ಕಾಯಿ ಯಾರದೆಂದು ವಿಚಾರಿಸಿದೆವು. ಕೂಲಿಯ ಬದಲಿಗೆ ಕಾಯಿ ಪಡೆದಿದ್ದ ಓರ್ವ ವೃದ್ಧೆ ನಂಬಿಕೆಯಿಂದ ಕೊಟ್ಟ ಎರಡು ಸೇರು. "ಆ ಪುಟ ನಿನ್ನದಲ್ಲ ತಾಯಿ, ಆ ಅಜ್ಜಿಯದು. ಅವಳ ನಷ್ಟವೇ ನಿಮಗೆ ರಂಧ್ರದ ಅಳತೆ ಕಲಿಸಿತು. ಅದನ್ನು ಮರೆಮಾಚಿದರೆ ಕಾಯಕ ಸತ್ಯಶುದ್ಧವಾಗದು" ಎಂದೆವು.

ಪುಟ ಉಳಿಯಿತು. ಬಹುಮಾನ ಬೇರೆ ಶಾಲೆಗೆ ಹೋಯಿತು. ಅದರಿಂದ ನಮಗೂ ತುಸು ಖೇದವಾಯಿತೆಂಬುದನ್ನು ಮುಚ್ಚಿಡೆವು. ನಮ್ಮ ಮಾತಿನಿಂದಲೇ ಮಕ್ಕಳು ಸೋತರೇ ಎಂಬ ಅಳುಕು ಹಲವು ದಿನ ಕಾಡಿತು. ಮರಳಿ ಆ ಊರಿಗೆ ಹೋದಾಗ ಶಾಲೆಯಲ್ಲಿ ಪೆಟ್ಟಿಗೆ ಕಾಣಲಿಲ್ಲ. ಅದು ಅಜ್ಜಿಯ ಮನೆಯ ಮಾಳಿಗೆಯ ಮೇಲಿತ್ತು. ಮಕ್ಕಳು ತಮ್ಮ ಮನೆಗಳಿಂದ ತಂದು ಎರಡು ಸೇರು ಕಾಯಿಯನ್ನೂ ತುಂಬಿಕೊಟ್ಟಿದ್ದರು. ಅಜ್ಜಿ ನೆರೆಯವರ ಕರಿಬೇವನ್ನೂ ಒಣಗಿಸಿಕೊಡುತ್ತಿದ್ದಳು.

ಸ್ಪರ್ಧೆ ಮುಗಿದೊಡನೆ ಉಗ್ರಾಣ ಸೇರಿ ಧೂಳು ತಿನ್ನುವ ಮಾದರಿಗಳೇ ಹೆಚ್ಚು. ಕಾಯಕವು ಬಹುಮಾನದಲ್ಲಿ ಕೊನೆಗೊಂಡರೆ ಅದು ಕೇವಲ ಕೆಲಸ. ಇನ್ನೊಬ್ಬರ ಅಂಗಳ ಮುಟ್ಟಿದರೆ ಅದೇ ದಾಸೋಹ.

ನಮ್ಮ ತಾಯಂದಿರು ಹಪ್ಪಳ, ಸಂಡಿಗೆಗಳಲ್ಲಿ ಬಿಸಿಲಿನ ಈ ವಿದ್ಯೆಯನ್ನು ಎಂದೋ ಬಲ್ಲರು. ಅದಕ್ಕೊಂದು ಗಾಜಿನ ಮುಚ್ಚಳ, ಗಾಳಿಗೆ ಸಾಕಷ್ಟು ದಾರಿ, ಇಷ್ಟನ್ನು ಮಕ್ಕಳು ಸೇರಿಸಿದ್ದಾರೆ. ನಿಮ್ಮ ಮಕ್ಕಳು ಇಂಥದೊಂದನ್ನು ಕಟ್ಟಹೊರಟರೆ ಹಳೆಯ ಕಿಟಕಿಯ ಗಾಜನ್ನು ಕೊಡಿ, ಹಿಡಿ ಮೆಣಸಿನಕಾಯಿಯನ್ನೂ ಕೊಡಿ. ಮೊದಲ ಸಲ ಕೆಟ್ಟರೆ ಗದರಬೇಡಿ. ಕೆಟ್ಟದ್ದನ್ನು ಬರೆದಿಡಲು ಹೇಳಿ. ಸೂರ್ಯನು ಜಾತಿ, ಅಂತಸ್ತು ನೋಡದೆ ನಿತ್ಯ ಬಡಿಸುತ್ತಿದ್ದಾನೆ; ಎಲೆ ಹಾಕಿ ಕೂರುವುದಷ್ಟೇ ನಮ್ಮ ಪಾಲಿನದು.