ಮಿದುಳಿನ ಅರ್ಬುದ: ದಾಖಲೆಯಲ್ಲಿ ಔದಾಸೀನ್ಯ ಸಲ್ಲದು



ಕ್ಯಾನ್ಸರನ್ನು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡತಕ್ಕ ರೋಗವೆಂದು ನಮ್ಮ ರಾಜ್ಯವು ಘೋಷಿಸಿ ವರ್ಷಗಳೇ ಸಂದಿದ್ದರೂ, ಮಿದುಳು ಮತ್ತು ಬೆನ್ನುಹುರಿಯ ಅರ್ಬುದಗಳ ವಿಷಯದಲ್ಲಿ ಆಸ್ಪತ್ರೆಗಳು ಬರೆದುಕೊಡುವ ಡಿಸ್ಚಾರ್ಜ್ ಪತ್ರಗಳು ಎಷ್ಟೋ ವೇಳೆ ಅರೆಬರೆಯಾಗಿಯೇ ಉಳಿಯುತ್ತವೆಂಬುದನ್ನು, ಮೈಸೂರಿನ ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿ ದುಡಿದು ನಿವೃತ್ತನಾದ ನಾನು ಸಂಬಂಧಪಟ್ಟವರ ಅವಗಾಹನೆಗೆ ತರಬಯಸುತ್ತೇನೆ.

ಶಸ್ತ್ರಚಿಕಿತ್ಸೆಯಾದ ರೋಗಿ ಮನೆಗೆ ಹೊರಡುವ ದಿನ ಆತನ ಪತ್ರದಲ್ಲಿರುವ ಒಕ್ಕಣೆ ‘ಬ್ರೈನ್ ಟ್ಯೂಮರ್, ಬಯಾಪ್ಸಿ ವರದಿ ಬರಬೇಕು’ ಎಂಬಷ್ಟೇ. ವರದಿ ಬರುವ ವೇಳೆಗೆ ಫೈಲು ರೆಕಾರ್ಡ್ ರೂಮಿನ ಕಪಾಟು ಸೇರಿರುತ್ತದೆ, ಬಂದ ವರದಿಯನ್ನು ಮನೆಯವರು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೋ ನಿಮ್ಹಾನ್ಸ್ ಆಸ್ಪತ್ರೆಗೋ ತೋರಿಸಲು ಕೊಂಡೊಯ್ಯುತ್ತಾರೆ, ಫೈಲನ್ನು ಮತ್ತೆ ಬಿಚ್ಚುವವರಿಲ್ಲ. ವೈದ್ಯರು ಬರೆಯದುದನ್ನು ಊಹಿಸಿ ಸೇರಿಸುವ ಅಧಿಕಾರವು ರೋಗಕ್ಕೆ ಸಂಕೇತ ನಮೂದಿಸುವ ಕೋಡಿಂಗ್ ಸಿಬ್ಬಂದಿಗಿಲ್ಲ. ಆದಕಾರಣ, ವಿಶ್ವ ಆರೋಗ್ಯ ಸಂಸ್ಥೆಯ ರೋಗಸಂಕೇತಗಳ ಐಸಿಡಿ-10 ಪಟ್ಟಿಯು ಘಾತಕ ಅರ್ಬುದಗಳಿಗೆ, ಮಿದುಳ ಪೊರೆಯದಾದರೆ ಸಿ 70, ಮಿದುಳಿನದಾದರೆ ಸಿ 71, ಬೆನ್ನುಹುರಿಯದಾದರೆ ಸಿ 72 ಎಂದು ವಿಂಗಡಿಸಿ, ಮಿದುಳಿನೊಳಗೂ ಮುಂಹಾಲೆಗೆ ಸಿ 71.1, ಕಿರುಮಿದುಳಿಗೆ ಸಿ 71.6 ಎಂದು ಸ್ಥಾನ ನಿರ್ದೇಶಿಸಿದ್ದರೂ, ಅಂಥ ರೋಗಿಗೆ ದೊರೆಯುವುದು ಸ್ವಭಾವ ತಿಳಿಯದ ಗೆಡ್ಡೆಯೆಂಬ ಅರ್ಥದ ಡಿ 43.2 ಮಾತ್ರ, ಅಲ್ಲಿಗೆ ಆತ ಕ್ಯಾನ್ಸರಿನ ಲೆಕ್ಕದಿಂದಲೇ ಹೊರಬಿದ್ದಂತೆ. ಇದಕ್ಕೆ ವಿಪರೀತವಾಗಿ, ಶ್ವಾಸಕೋಶದಿಂದ ಮಿದುಳಿಗೆ ಹರಡಿ ಸಿ 79.3 ಎಂದು ನಮೂದಾಗಬೇಕಾದ ರೋಗವು, ಮೂಲದ ಉಲ್ಲೇಖವಿಲ್ಲದ ಕಾರಣ ಮಿದುಳಿನದೇ ಕ್ಯಾನ್ಸರೆಂದು ಎಣಿಕೆಯಾಗುವುದೂ ಉಂಟು.

ಇದು ಗುಮಾಸ್ತೆಯ ಸಣ್ಣ ಲೋಪವೆಂದು ತಳ್ಳಿಹಾಕತಕ್ಕ ಮಾತಲ್ಲ. ಕಿದ್ವಾಯಿ ಸಂಸ್ಥೆಯು 1982ರಿಂದ ನಡೆಸಿಕೊಂಡು ಬಂದಿರುವ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯಂಥ ಕಾರ್ಯಗಳಿಗೆ ಆಸ್ಪತ್ರೆಯ ಈ ಕಾಗದಗಳೇ ಮುಖ್ಯ ಆಧಾರ. ವಿಕಿರಣ ಚಿಕಿತ್ಸೆಯ ಯಂತ್ರವನ್ನು ಯಾವ ಜಿಲ್ಲೆಗೆ ಕೊಡಬೇಕು, ನರಶಸ್ತ್ರವೈದ್ಯರನ್ನು ಎಲ್ಲಿ ನೇಮಿಸಬೇಕು ಎಂಬ ನಿರ್ಣಯಗಳಿಗೆ ಇಂಥ ಅಂಕಿಗಳಲ್ಲದೆ ಬೇರೆ ಯಾವುದು ಪ್ರಮಾಣ? ಬುರುಡೆಯೊಳಗೆ ಎಡೆಯಿಲ್ಲದುದರಿಂದ ಸೌಮ್ಯವೆನಿಸಿದ ಗೆಡ್ಡೆಯೂ ಪ್ರಾಣಕ್ಕೆ ಎರವಾಗಬಲ್ಲದೆಂದರಿತ ಅಮೆರಿಕವು 2004ರಿಂದ ಅವುಗಳನ್ನೂ ನೋಂದಾಯಿಸುತ್ತಿದೆ. ನಾವಾದರೋ ಘಾತಕವಾದುದನ್ನೇ ನೆಟ್ಟಗೆ ಬರೆದಿಡುತ್ತಿಲ್ಲ. ಮೇಲಾಗಿ, ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣದಂತೆ, ವಯಸ್ಕರಲ್ಲಿ ಗ್ಲಯೋಬ್ಲಾಸ್ಟೋಮ ಎಂದು ಹೆಸರಿಸಬೇಕಾದರೆ ಐಡಿಎಚ್ ಜೀನಿನ ಸ್ಥಿತಿಯೂ ತಿಳಿದಿರಬೇಕಾಗಿರುವಾಗ, ಬಯಾಪ್ಸಿ ವರದಿಯಿಲ್ಲದ ಫೈಲಿಗೆ ಬೆಲೆಯೇನು?

ವೈದ್ಯರಿಗೆ ಬಿಡುವಿಲ್ಲವೆಂಬುದು ನಿಜ. ಆದರೆ ನಾನು ಬೇಡುತ್ತಿರುವುದು ಪ್ರಬಂಧವನ್ನಲ್ಲ: ಗೆಡ್ಡೆ ಎಲ್ಲಿದೆ, ಅಲ್ಲಿಯದೇ ಅಥವಾ ಬೇರೆಡೆಯಿಂದ ಹರಡಿದ್ದೇ, ಅದರ ಗ್ರೇಡ್ ಯಾವುದು, ಬಯಾಪ್ಸಿ ಸಂಖ್ಯೆ ಏನು ಎಂಬ ನಾಲ್ಕು ಅಂಶಗಳು ಸಾಕು. ವರದಿಯ ಒಂದು ಪ್ರತಿಯು ಪೆಥಾಲಜಿ ವಿಭಾಗದಿಂದ ನೇರವಾಗಿ ದಾಖಲೆ ವಿಭಾಗಕ್ಕೆ ಬಂದು, ಸಂಕೇತವನ್ನು ಪರಿಷ್ಕರಿಸಿದ ಬಳಿಕವೇ ಫೈಲು ಮುಕ್ತಾಯವಾಗತಕ್ಕದ್ದೆಂದು ಆರೋಗ್ಯ ಇಲಾಖೆಯು ಸರ್ಕಾರಿ, ಖಾಸಗಿ ಆಸ್ಪತ್ರೆಗಳೆರಡಕ್ಕೂ ಸುತ್ತೋಲೆ ಹೊರಡಿಸಲಿ; ಅದರ ಪಾಲನೆಯನ್ನು ಜಿಲ್ಲಾ ಆರೋಗ್ಯಾಧಿಕಾರಿಗಳು ಪ್ರತಿ ತಿಂಗಳೂ ಪರಿಶೀಲಿಸಲಿ.


ನಿವೃತ್ತ ವೈದ್ಯಕೀಯ ದಾಖಲಾಧಿಕಾರಿ
ಕುವೆಂಪುನಗರ, ಮೈಸೂರು